ಸಹಿ ಯಾರದ್ದು, ಪ್ಲೇಟು ಯಾರದ್ದು?

ಪ್ರಶ್ನೆ: ಬೀಟಲ್ಸ್ ತಂಡದ ಹಾಡುಗಾರ ಜಾನ್ ಲೆನನ್ ತಮ್ಮನ್ನು ಕೊಂದವನಿಗೇ ಸಹಿ ಹಾಕಿಕೊಟ್ಟಿದ್ದ ಎಲ್‌ಪಿ (ಗ್ರಾಮಫೋನ್ ಪ್ಲೇಟು) ಕೋಟಿಗಟ್ಟಲೆ ಬೆಲೆಗೆ ಹರಾಜಾಯಿತು ಅಂತ ಗೆಳೆಯರೊಬ್ಬರು ಹೇಳಿದರು. ಇದು ನಿಜವಾ? ಕೊಲೆಗಾರನ ಪ್ಲೇಟು ಮಾರುವ ಹಕ್ಕು ಬೇರೆಯವರಿಗೆ ಹೇಗೆ ಬಂತು?
– ಓದುಗರೊಬ್ಬರು, ಮೈಸೂರು

ಉತ್ತರ: ನಿಜ. ಆ ಪ್ಲೇಟಿನ ಹೆಸರು 'ಡಬಲ್ ಫ್ಯಾಂಟಸಿ'. ಲೆನನ್ ಮತ್ತು ಅವರ ಹೆಂಡತಿ ಯೋಕೋ ಓನೋ ಸೇರಿ ಮಾಡಿದ್ದು. 1980ರ ನವೆಂಬರ್ 17ಕ್ಕೆ ಬಿಡುಗಡೆಯಾಗಿ ಮೂರು ವಾರವಷ್ಟೇ ಆಗಿತ್ತು. ಡಿಸೆಂಬರ್ 8ರ ಸಂಜೆ ಸುಮಾರು ಐದು ಗಂಟೆಗೆ ಲೆನನ್ ನ್ಯೂಯಾರ್ಕಿನ ತಮ್ಮ ಮನೆ ಇದ್ದ ಡಕೋಟಾ ಕಟ್ಟಡದಿಂದ ಸ್ಟುಡಿಯೋಗೆ ಹೊರಟಿದ್ದರು. ಗೇಟಿನ ಹತ್ತಿರ ಕಾದು ನಿಂತಿದ್ದ ಮಾರ್ಕ್ ಚಾಪ್‌ಮನ್ ಕವರ್ ಮುಂದೆ ಚಾಚಿದ. ಅವರು 'ಜಾನ್ ಲೆನನ್ 1980' ಅಂತ ಬರೆದುಕೊಟ್ಟರು, ಬೇರೇನಾದರೂ ಬೇಕಾ ಅಂತಲೂ ಕೇಳಿದರಂತೆ. ರಾತ್ರಿ ಹನ್ನೊಂದಕ್ಕೆ ಸ್ವಲ್ಪ ಮುಂಚೆ ಗಂಡ ಹೆಂಡತಿ ವಾಪಸ್ ಬಂದಾಗ ಅವನು ಅದೇ ಜಾಗದಲ್ಲಿ ಲೆನನ್ ಅವರಿಗೆ ಗುಂಡು ಹೊಡೆದ. ಅವರಿಗೆ ಆಗ ನಲವತ್ತು ವರ್ಷ.

ಪ್ಲೇಟು ಸಿಕ್ಕಿದ್ದು ಗೇಟಿನ ಪಕ್ಕದ ದೊಡ್ಡ ಹೂಕುಂಡದಲ್ಲಿ. ಅದು ಯಾರ ಕಣ್ಣಿಗೆ ಬಿತ್ತೋ ಆ ಮನುಷ್ಯ ಅದನ್ನು ಪೊಲೀಸರಿಗೆ ಒಪ್ಪಿಸಿದರು. ಪೊಲೀಸರು ಕವರ್ ಮೇಲಿನ ಬೆರಳಚ್ಚು ತೆಗೆದು ನೋಡಿದರು, ಚಾಪ್‌ಮನ್‌ದಕ್ಕೆ ಹೊಂದಿತು. ಆದರೆ 1981ರ ಜೂನ್‌ನಲ್ಲಿ ಅವನು ತಪ್ಪೊಪ್ಪಿಕೊಂಡಿದ್ದರಿಂದ ಸಾಕ್ಷಿ ವಿಚಾರಣೆಯೇ ನಡೆಯಲಿಲ್ಲ. ಪ್ಲೇಟನ್ನು ಧನ್ಯವಾದದ ಪತ್ರದ ಜೊತೆ ಅದು ಸಿಕ್ಕಿದ ಮನುಷ್ಯನಿಗೇ ವಾಪಸ್ ಕೊಟ್ಟರು. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇದೇ: ಅವರು ಮುಚ್ಚಿಟ್ಟುಕೊಂಡಿದ್ದಲ್ಲ, ಕಾನೂನಿನ ಕೈಗೆ ಕೊಟ್ಟು, ಕಾನೂನಿನ ಕೈಯಿಂದಲೇ ತಗೊಂಡಿದ್ದು. 1999ರಲ್ಲಿ ಅದು ಒಂದೂವರೆ ಲಕ್ಷ ಡಾಲರ್‌ಗೆ ಮಾರಾಟವಾಯಿತು. 2020ರಲ್ಲಿ ಅಮೆರಿಕದ ಒಂದು ಹರಾಜಿನಲ್ಲಿ ಸುಮಾರು 9 ಲಕ್ಷ ಡಾಲರ್‌ಗೆ ಹೋಯಿತು, ಆಗಿನ ಲೆಕ್ಕದಲ್ಲಿ ಆರು ಕೋಟಿ ರೂಪಾಯಿಗೂ ಜಾಸ್ತಿ.

ಈ ಬೆಲೆ ಬರೀ ಸಹಿಗೆ ಬಂದಿದ್ದಲ್ಲ. ಲೆನನ್ ಸಹಿ ಮಾಡಿದ ವಸ್ತುಗಳು ಬೇಕಾದಷ್ಟಿವೆ. ಇಲ್ಲಿ ಪಾಲ್ ಗೊರೇಶ್ ಅನ್ನುವ ಹವ್ಯಾಸಿ ಛಾಯಾಗ್ರಾಹಕ ಆ ಸಂಜೆ ಅಲ್ಲೇ ಇದ್ದರು, ಲೆನನ್ ತಲೆ ಬಗ್ಗಿಸಿ ಸಹಿ ಹಾಕುತ್ತಿರುವಾಗ, ಪಕ್ಕದಲ್ಲಿ ಚಾಪ್‌ಮನ್ ನಿಂತಿರುವಾಗ, ಫೋಟೋ ತೆಗೆದರು. ಆಮೇಲೆ ಬೆರಳಚ್ಚು, ಪೊಲೀಸರ ಗುರುತು, ವಾಪಸ್ ಕೊಟ್ಟ ಪತ್ರ. ಸಹಿ ಬಿದ್ದ ನಿಮಿಷದಿಂದ ಹರಾಜಿನ ಮೇಜಿನವರೆಗೆ ಪ್ಲೇಟು ಯಾರ ಕೈಯಲ್ಲಿತ್ತು ಅನ್ನುವುದಕ್ಕೆ ದಾಖಲೆ ಇದೆ. ಹರಾಜಿನಲ್ಲಿ ಕೊಳ್ಳುವುದೂ ಮಾರುವುದೂ ಅದನ್ನೇ.

ಇದನ್ನು ಮಾರಿದ್ದು ಸರಿಯಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನನಗೆ ಆ ಪ್ಲೇಟನ್ನು ಮನೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ, ಸುಮ್ನೆ ಕೊಟ್ಟರೂ ಬೇಡ. ಒಬ್ಬ ಹಾಡುಗಾರ ನಂಬಿಕೆಯಿಂದ ನಿಂತು ಸಹಿ ಹಾಕಿದ್ದು, ಅದೇ ಕೈಗೆ ಆರು ಗಂಟೆಯೊಳಗೆ ಬಲಿಯಾಗಿದ್ದು, ಎರಡೂ ಆ ಒಂದು ರಟ್ಟಿನಲ್ಲಿವೆ. ಯೋಕೋ ಅವರ ಕಣ್ಣೆದುರೇ ನಡೆದದ್ದು ಅದು. ಒಂದು ವಸ್ತುಸಂಗ್ರಹಾಲಯದಲ್ಲಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಪ್ರಶ್ನೆ: ನಮ್ಮ ಅಪ್ಪಾಜಿ ಹತ್ತಿರ ಪಂಡಿತ್ ಭೀಮಸೇನ ಜೋಶಿಯವರ ಒಂದು ಎಲ್‌ಪಿ ಇದೆ, ಕವರ್ ಮೇಲೆ ಅವರ ಸಹಿ ಇದೆ. 1974 ಅಥವಾ 75ರಲ್ಲಿ ಕುಂದಗೋಳದ ಸವಾಯಿ ಗಂಧರ್ವರ ಪುಣ್ಯತಿಥಿ ಸಂಗೀತಕ್ಕೆ ಹೋದಾಗ ಹಾಕಿಸಿಕೊಂಡಿದ್ದು ಅಂತಾರೆ. ತಾರೀಖು ಇಲ್ಲ, ಫೋಟೋ ಇಲ್ಲ. ನನ್ನ ಅಣ್ಣ ಅದು ಅಚ್ಚಿನ ಸಹಿ ಅಂತಾನೆ. ಅಪ್ಪಾಜಿಗೆ ಈಗ 81. ಅವರಿಗೆ ಬೇಜಾರಾಗದ ಹಾಗೆ ನಿಜ ತಿಳಿಯುವುದು ಹೇಗೆ? ಲ್ಯಾಮಿನೇಷನ್ ಮಾಡಿಸಲಾ?
– ಓದುಗರೊಬ್ಬರು, ಧಾರವಾಡ

ಉತ್ತರ: ಮೊದಲು ಕೊನೆಯ ಮಾತಿಗೆ ಉತ್ತರ: ದಯವಿಟ್ಟು ಲ್ಯಾಮಿನೇಷನ್ ಬೇಡ. ಬಿಸಿಗೆ, ಅಂಟಿಗೆ ಸಿಕ್ಕ ಶಾಯಿಯನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ನಮ್ಮ ಸೋದರಮಾವನ ಮನೆಯಲ್ಲಿ ಒಬ್ಬ ವೀಣಾ ವಿದ್ವಾಂಸರು ಸಹಿ ಮಾಡಿದ ಪ್ಲೇಟಿತ್ತು. ಫ್ರೇಮ್ ಹಾಕಲು ಕೊಟ್ಟರೆ, ಅಂಗಡಿಯವರು ಕವರ್ ದೊಡ್ಡದಾಯಿತು ಅಂತ ಅಂಚು ಕತ್ತರಿಸಿಬಿಟ್ಟರು, ಸಹಿಯ ಬಾಲವೂ ಅದರ ಜೊತೆ ಹೋಯಿತು. ಮಾವ ಆ ಫ್ರೇಮನ್ನು ಗೋಡೆಗೆ ಹಾಕಲೇ ಇಲ್ಲ. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಅಣ್ಣನ ಅನುಮಾನ ತಪ್ಪಲ್ಲ, ಕಲಾವಿದರ ಸಹಿಯನ್ನು ಅಚ್ಚು ಹಾಕಿದ ಕವರ್‌ಗಳು ಇವೆ. ಪರೀಕ್ಷೆ ಸುಲಭ. ಒಂದು ಒಳ್ಳೆ ಭೂತಗನ್ನಡಿ ತಗೊಂಡು ಹಗಲು ಬೆಳಕಿನಲ್ಲಿ ನೋಡಿ. ಅಚ್ಚಾಗಿದ್ದರೆ ಗೆರೆ ಒಂದೇ ಸಮ ಇರುತ್ತದೆ, ಎಷ್ಟೋ ಸಲ ಸಣ್ಣ ಸಣ್ಣ ಚುಕ್ಕೆ ಕಾಣುತ್ತವೆ. ಕೈಯಿಂದ ಬರೆದಿದ್ದರೆ ಗೆರೆ ಕೆಲವು ಕಡೆ ದಪ್ಪ, ಕೆಲವು ಕಡೆ ತೆಳು. ಎರಡು ಗೆರೆ ಅಡ್ಡ ಹಾಯ್ದ ಕಡೆ ಶಾಯಿ ಗಾಢವಾಗಿರುತ್ತದೆ. ಬಾಲ್‌ಪೆನ್ನಾಗಿದ್ದರೆ ಕವರನ್ನು ಓರೆಯಾಗಿ ಹಿಡಿದಾಗ ರಟ್ಟಿನಲ್ಲಿ ತಗ್ಗು ಕಾಣುತ್ತದೆ. ಅದೇ ಎಲ್‌ಪಿಯ ಇನ್ನೊಂದು ಪ್ರತಿ ಸಿಕ್ಕರೆ ಪಕ್ಕದಲ್ಲಿಟ್ಟು ನೋಡಿ, ಅದರಲ್ಲೂ ಅದೇ ಜಾಗದಲ್ಲಿ ಸಹಿ ಇದ್ದರೆ ಅಚ್ಚು, ಇಲ್ಲದಿದ್ದರೆ ಅಣ್ಣನಿಗೆ ತೋರಿಸಿ.

ಶಾಯಿಯದ್ದೇ ಆದರೂ ಜೋಶಿಯವರದ್ದೇನಾ ಅನ್ನುವುದು ಬೇರೆ ಪ್ರಶ್ನೆ. ಬೀಟಲ್ಸ್ ತಂಡದ ಸಹಾಯಕರಾಗಿದ್ದ ನೀಲ್ ಆಸ್ಪಿನಾಲ್, ಮಾಲ್ ಇವಾನ್ಸ್ ಇಬ್ಬರೂ ನಾಲ್ವರ ಪರವಾಗಿ ತಾವೇ ಸಹಿ ಹಾಕಿ ಅಭಿಮಾನಿಗಳಿಗೆ ಕೊಡುತ್ತಿದ್ದರು. ಹಾಗಾಗಿ ಸಹಿ ಕೈಗೆ ಹೇಗೆ ಬಂತು ಅನ್ನುವ ಕಥೆ ಮುಖ್ಯ. ಇಲ್ಲಿ ನಿಮ್ಮ ತಂದೆಯವರ ಮಾತು ಸರಿಯಾಗಿ ಕೂರುತ್ತದೆ. ಸವಾಯಿ ಗಂಧರ್ವರು ಕುಂದಗೋಳದವರು, ಜೋಶಿಯವರು ಹುಡುಗನಾಗಿದ್ದಾಗ ಅದೇ ಊರಿನಲ್ಲಿ ಅವರ ಹತ್ತಿರ ಕಲಿತವರು, ಗುರುಗಳ ಪುಣ್ಯತಿಥಿಗೆ ಅಲ್ಲಿ ಹಾಡಿದವರು. ಕವರ್ ಮೇಲೆ ಎಲ್‌ಪಿಯ ನಂಬರ್ ಇರುತ್ತದೆ, ಆ ನಂಬರಿನಿಂದ ಅದು ಯಾವ ವರ್ಷ ಬಂತು ಅಂತ ಸಂಗ್ರಹಕಾರರು ಹೇಳುತ್ತಾರೆ. ಪ್ಲೇಟೇ 1980ರದ್ದಾದರೆ 75ರ ಕಥೆ ನಿಲ್ಲುವುದಿಲ್ಲ, ಆದರೆ ಅಷ್ಟಕ್ಕೇ ಸಹಿ ಸುಳ್ಳು ಅನ್ನಬೇಡಿ. ಐವತ್ತು ವರ್ಷದ ಹಿಂದಿನ ಮಾತು, ವರ್ಷ ಹಿಂದೆ ಮುಂದೆ ಆಗುತ್ತದೆ ಅಲ್ವಾ? ಹುಬ್ಬಳ್ಳಿಯ ಹಳೇ ಪತ್ರಿಕೆಗಳಲ್ಲಿ ಆ ವರ್ಷಗಳ ಕುಂದಗೋಳದ ವರದಿ ಹುಡುಕಬಹುದು.

ಬೇಜಾರಿನ ವಿಷಯ. 'ಇದು ನಿಜವಾ' ಅಂತ ಕೇಳಬೇಡಿ. 'ಆ ರಾತ್ರಿ ಹೇಗಿತ್ತು' ಅಂತ ಕೇಳಿ. ಯಾರ ಜೊತೆ ಹೋಗಿದ್ದಿರಿ, ಬಸ್ಸಾ ರೈಲಾ, ಜೋಶಿಯವರು ಏನು ಹಾಡಿದರು, ಪೆನ್ನು ಯಾರದ್ದು, ಪ್ಲೇಟನ್ನು ಮನೆಯಿಂದಲೇ ಒಯ್ದಿದ್ದಿರಾ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಆಮೇಲೆ ಬರೆದು, ಓದಿ ಹೇಳಿ, ಅವರಿಂದಲೇ ತಾರೀಖಿನ ಜೊತೆ ಸಹಿ ಹಾಕಿಸಿ. ಜೊತೆಗೆ ಹೋಗಿದ್ದವರು ಯಾರಾದರೂ ಇದ್ದರೆ ಅವರನ್ನೂ ಕೇಳಿ. ಜೋಶಿಯವರು 2011ರಲ್ಲಿ ಹೋದರು. ಆ ರಾತ್ರಿಯ ವಿಷಯ ನಿಮ್ಮ ಮನೆಯಲ್ಲಿ ಗೊತ್ತಿರುವುದು ಅಪ್ಪಾಜಿ ಒಬ್ಬರಿಗೇ, ಅದಕ್ಕೇ ಇದನ್ನು ಈ ವಾರವೇ ಮಾಡಿ ಅನ್ನುತ್ತಿದ್ದೇನೆ.

ಪ್ಲೇಟನ್ನು ನಿಲ್ಲಿಸಿ ಇಡಿ, ಒಂದರ ಮೇಲೊಂದು ಮಲಗಿಸಬೇಡಿ. ಬಿಸಿಲು ಬೀಳುವ ಗೋಡೆ ಬೇಡ, ಶಾಯಿ ಮಾಸುತ್ತದೆ. ಮಾಸಿದೆ ಅಂತ ಸಹಿಯ ಮೇಲೆ ಪೆನ್ನು ತಿರುವಬೇಡಿ. ಅಪ್ಪಾಜಿ ಸಹಿ ಹಾಕಿದ ಹಾಳೆಯನ್ನು ಕವರ್ ಒಳಗೆ ಇಡದೆ ಬೇರೆ ಫೈಲಿನಲ್ಲಿ ಇಡಿ, ಒಂದು ಪ್ರತಿ ಅಣ್ಣನಿಗೂ ಕೊಡಿ.