ಫಲಕ ತೊನೆದರೆ ಗಾಬರಿ ಬೇಡ, ಕಂಬದ ಬುಡ ನೋಡಿ

ಯಲಹಂಕದ ಓದುಗರೊಬ್ಬರ ಪತ್ರದ ಸಾರ ಇದು: ‘ದಿನಾ ಸ್ಕೂಟರಿನಲ್ಲಿ ನಗರಕ್ಕೆ ಬಂದುಹೋಗುವವನು ನಾನು. ಮೊನ್ನೆಯ ಗಾಳಿಮಳೆಗೆ ರಸ್ತೆಯ ಮೇಲೆ ಚಾಚಿಕೊಂಡಿರುವ ಹಸಿರು ಫಲಕವೊಂದು ತೊನೆದಾಡುತ್ತಿತ್ತು. ಕಂಬಕ್ಕೆಲ್ಲ ತುಕ್ಕು. ಘಾಟ್ಕೋಪರಿನಲ್ಲಿ ಆದದ್ದು ಇಲ್ಲೂ ಆಗಬೇಕೆ? ಹೇಗೂ ಎಲ್ಲರ ಮೊಬೈಲಿನಲ್ಲಿ ಮ್ಯಾಪ್ ಇದೆ, ಇವನ್ನೆಲ್ಲ ಕಿತ್ತುಹಾಕಬಾರದೇಕೆ?’

ನಿಮ್ಮ ಆತಂಕ ಸಹಜ. ಆದರೆ ಘಾಟ್ಕೋಪರನ್ನು ಇದಕ್ಕೆ ತಳುಕು ಹಾಕುವುದು ಬೇಡ. 2024ರ ಮೇ 13ರಂದು ಮುಂಬೈಯಲ್ಲಿ 17 ಜನರ ಪ್ರಾಣ ತೆಗೆದದ್ದು ಅಗಲ, ಎತ್ತರ ಎರಡೂ 120 ಅಡಿಯಷ್ಟಿದ್ದ ಜಾಹೀರಾತು ಫಲಕ. ಹೆದ್ದಾರಿಯ ದಾರಿಸೂಚಿ ಅದರ ಮುಂದೆ ಚಿಕ್ಕದು. ಕಟ್ಟಡ, ಕಂಬಗಳ ಮೇಲೆ ಬೀಳುವ ಗಾಳಿಯ ಲೆಕ್ಕಕ್ಕೆ ನಮ್ಮಲ್ಲಿ ಐಎಸ್ 875 ಎಂಬ ಭಾರತೀಯ ಮಾನಕ ಸಂಹಿತೆಯ ಮೂರನೇ ಭಾಗವಿದೆ. ಅದು ಬೆಂಗಳೂರಿಗೆ ಹಿಡಿದಿರುವ ಮೂಲ ವೇಗ, ಎಂದರೆ ವಿನ್ಯಾಸದ ಲೆಕ್ಕ ಶುರುವಾಗುವ ಗಾಳಿಯ ವೇಗ, ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ಚೆನ್ನೈಗಾದರೆ 50 ಮೀಟರ್. ಈ ವಿಷಯದಲ್ಲಿ ನಾವು ಪುಣ್ಯವಂತರೇ. ಆದರೂ 33 ಮೀಟರಿನ ಗಾಳಿ ಚದರ ಮೀಟರಿಗೆ ಸುಮಾರು 65 ಕೆ.ಜಿ. ಒತ್ತಡ ಹಾಕುತ್ತದೆ. ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಫಲಕವಾದರೆ ಮುಕ್ಕಾಲು ಟನ್ನಿಗೂ ಮೇಲಾಯಿತು. ಅಷ್ಟೂ ಭಾರ ಕೊನೆಗೆ ಬಂದು ಕೂರುವುದು ಬುಡದ ಕೆಲವೇ ಬೋಲ್ಟುಗಳ ಮೇಲೆ.

ನನ್ನ ತಕರಾರಿರುವುದು ಈ ಬುಡದ ಬಗ್ಗೆಯೇ. ಮೇಲೆ ಫಲಕ ಅಲುಗುವುದು ತಾನಾಗಿಯೇ ಅಪಾಯದ ಗುರುತಲ್ಲ, ಉಕ್ಕು ಅಷ್ಟಿಷ್ಟು ಬಳುಕುತ್ತದೆ. ಫಲಕದ ಅಂಚಿನಿಂದ ಇಳಿದ ಕೆಂಪು ಗೆರೆ ಎಷ್ಟೋ ಸಲ ಒಂದು ಸಣ್ಣ ಸ್ಕ್ರೂವಿನ ತುಕ್ಕಾಗಿರುತ್ತದೆ. ಕಂಬವನ್ನು ಮುರಿಯುವುದು ಹೆಚ್ಚಾಗಿ ವರ್ಷಕ್ಕೊಮ್ಮೆ ಬರುವ ಬಿರುಗಾಳಿಯೊಂದೇ ಅಲ್ಲ. ಕೆಳಗೆ ಲಾರಿ ಹಾದಾಗಲೆಲ್ಲ ಗಾಳಿ ಮೇಲಕ್ಕೆ ತಳ್ಳುತ್ತದೆ, ಫಲಕ ಹೊತ್ತು ರಸ್ತೆಯ ಮೇಲೆ ಚಾಚಿದ ತೋಳು ಒಂದಿಷ್ಟು ಎದ್ದು ಇಳಿಯುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಿದ್ದರೆ ಒಂದು ಹೊತ್ತಿನಲ್ಲಿ ಪಟ್ಟನೆ ತುಂಡಾಗುವುದಿಲ್ಲವೇ, ಅದೇ ಬಗೆ. ಬಿರುಕು ಹುಟ್ಟುವ ಜಾಗವೂ ಸಾಮಾನ್ಯವಾಗಿ ಗೊತ್ತಿರುವಂಥದ್ದೇ: ಕಂಬ ಬುಡದ ಉಕ್ಕಿನ ಹಲಗೆಗೆ, ಅಂದರೆ ಬೇಸ್ ಪ್ಲೇಟಿಗೆ, ಸೇರುವ ವೆಲ್ಡಿಂಗಿನ ಅಂಚು, ತೋಳು ಕಂಬಕ್ಕೆ ಸೇರುವ ಕಡೆ. ರಸ್ತೆಯ ಎರಡೂ ಬದಿ ಕಾಲೂರಿದ ಗ್ಯಾಂಟ್ರಿಗಿಂತ ಒಂಟಿ ಕಾಲಿನ ಕ್ಯಾಂಟಿಲಿವರಿಗೆ ಇದರ ಕಾಟ ಹೆಚ್ಚು, ಒಂದು ಕಾಲು ಸೋತರೆ ಹೊರೆ ಹೊರಲು ಇನ್ನೊಂದಿರುವುದಿಲ್ಲ. ನೀವು ನೋಡಿದ್ದು ಅಂಥದ್ದೇ ಇರಬೇಕು.

ಬುಡವನ್ನು ಒಮ್ಮೆ ಹತ್ತಿರದಿಂದ ನೋಡಿ. ಒಂದು ದಪ್ಪ ಉಕ್ಕಿನ ಹಲಗೆ, ಅದರ ಸುತ್ತ ಕಾಂಕ್ರೀಟಿನಿಂದ ಎದ್ದ ಬೋಲ್ಟುಗಳು, ಅವಕ್ಕೆ ನಟ್ಟು, ವಾಷರು. ನಟ್ಟು ಬಿಗಿಯಾಗಿದ್ದರೆ ಎಲ್ಲ ಬೋಲ್ಟುಗಳೂ ಭಾರ ಹಂಚಿಕೊಳ್ಳುತ್ತವೆ, ಒಂದು ಸಡಿಲವಾದರೆ ಪಕ್ಕದವು ಅದರ ಪಾಲನ್ನೂ ಹೊರುತ್ತವೆ. ಉಕ್ಕಿನ ಮೇಲಿನ ಬಿಳಿ ಪುಡಿ ಎಂದರೆ ಸತುವಿನ ಲೇಪ ಸವೆಯುತ್ತಿದೆ, ಇನ್ನೂ ಸಮಯವಿದೆ. ಕೆಂಪು ಬಂದಿತೆಂದರೆ ಲೇಪ ಮುಗಿದು ಕಬ್ಬಿಣವೇ ತಿನ್ನಿಸಿಕೊಳ್ಳುತ್ತಿದೆ. ಆದರೆ ನಮ್ಮ ಊರಿನಲ್ಲಿ ಇದೆಲ್ಲ ಎಷ್ಟು ಕಡೆ ಕಣ್ಣಿಗೆ ಬೀಳುತ್ತದೆ? ಮೀಡಿಯನ್ನಿಗೆ ಮಣ್ಣು ತುಂಬಿ ಗಿಡ ನೆಟ್ಟಿರುತ್ತಾರೆ, ಫುಟ್‌ಪಾತ್ ಎತ್ತರಿಸುವಾಗ ಬೇಸ್ ಪ್ಲೇಟನ್ನೂ ಸೇರಿಸಿ ಕಾಂಕ್ರೀಟ್ ಸುರಿದಿರುತ್ತಾರೆ. ಗಿಡಕ್ಕೆ ಬಿಟ್ಟ ನೀರು ನಟ್ಟಿಗೂ ಹೋಗುತ್ತದೆ. ಮೇಲೆ ಮಾತ್ರ ಫಳಫಳ ಬಣ್ಣ. ಗಣ್ಯರು ಬರುವ ವಾರದಲ್ಲಿ ಬಳಿಯುವ ಬಣ್ಣಕ್ಕೆ ತುಕ್ಕನ್ನು ಮುಚ್ಚುವ ಶಕ್ತಿಯಿದೆ, ತಡೆಯುವ ಶಕ್ತಿಯಿಲ್ಲ.

ಕೊಳವೆ ಕಂಬವಾದರೆ ಒಳಗಿನ ಪಾಡು ಬೇರೆ. ತುದಿಯ ಮುಚ್ಚಳ ಹಾರಿಹೋಗಿ ಮಳೆನೀರು ಇಳಿದು ಬುಡದಲ್ಲಿ ನಿಂತರೆ ಒಳಗಿಂದಲೇ ಸವೆತ. ಸುತ್ತಿಗೆಯಿಂದ ತಟ್ಟಿದರೆ ಸದ್ದು ಒಂದಿಷ್ಟು ಹೇಳುತ್ತದೆ, ಅಲ್ಟ್ರಾಸಾನಿಕ್ ಮಾಪಕ ಉಕ್ಕು ಎಷ್ಟು ದಪ್ಪ ಉಳಿದಿದೆಯೆಂದೇ ತೋರಿಸುತ್ತದೆ. ಮಣ್ಣು ಕೆದಕಿ, ಸ್ಪ್ಯಾನರ್ ಹಿಡಿದು, ಈ ಮಾಪಕ ಇಟ್ಟು ನೋಡುವ ಕೆಲಸಕ್ಕೆ ಕ್ರೇನೂ ಬೇಡ, ಸಂಚಾರ ತಡೆಯೂ ಬೇಡ.

ಇನ್ನೆರಡು ಸಂಗತಿ. ಕಂಬಕ್ಕೆ ಫ್ಲೆಕ್ಸ್ ಕಟ್ಟಿದರೆ ಗಾಳಿಗೆ ಸಿಗುವ ಮೈ ದೊಡ್ಡದಾಗುತ್ತದೆ, ವಿನ್ಯಾಸದ ಲೆಕ್ಕದಲ್ಲಿ ಹುಟ್ಟುಹಬ್ಬದ ಶುಭಾಶಯ ಸೇರಿರುವುದಿಲ್ಲ. ರಸ್ತೆಯಿಂದ ಫಲಕದ ತಳಕ್ಕೆ ಕನಿಷ್ಠ 5.5 ಮೀಟರ್ ಅಂತರ ಬೇಕೆನ್ನುತ್ತದೆ ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್. ಡಾಂಬರಿನ ಮೇಲೆ ಡಾಂಬರು ಹಾಕುತ್ತ ಹೋದರೆ ಅದೂ ಕರಗುತ್ತದೆ, ಮೇಲೆತ್ತಿದ ಡಬ್ಬಿ ಇಳಿಸದೆ ಹೊರಟ ಟಿಪ್ಪರು ಫಲಕಕ್ಕೆ ತಗುಲಲು ಅಷ್ಟು ಸಾಕು.

ಪೀಣ್ಯ ಮೇಲ್ಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡು 2021ರ ಡಿಸೆಂಬರಿನಲ್ಲಿ ಸಂಚಾರ ನಿಲ್ಲಿಸಿದ್ದು ನಿಮಗೆ ನೆನಪಿರಬಹುದು. ತೊಂದರೆಯಾಯಿತು, ಬೈದೆವು, ಆದರೆ ನೋಡಿದ್ದರಿಂದ ಗೊತ್ತಾಯಿತು. ಸೇತುವೆಗಳನ್ನು ಎಣಿಸಿ ದಾಖಲಿಸುವ ರಾಷ್ಟ್ರೀಯ ವ್ಯವಸ್ಥೆ 2016ರಲ್ಲಿ ಶುರುವಾಯಿತು. ದಾರಿಸೂಚಿಗಳಿಗೂ ಅಂಥದ್ದೇ ಬೇಕು: ಪ್ರತಿ ಕಂಬಕ್ಕೊಂದು ನಂಬರು, ನಿಲ್ಲಿಸಿದ ವರ್ಷ, ಕೊನೆಯ ತಪಾಸಣೆಯ ತಾರೀಕು, ಕಂಬದ ಮೇಲೆಯೇ. ಒಂಟಿ ಕಾಲಿನವಕ್ಕೆ ಮೊದಲ ಸರದಿ, ಮುಂಗಾರಿನ ಮುಂಚೆಯೇ. 2025ರ ಸೆಪ್ಟೆಂಬರಿನಲ್ಲಿ ನಗರ ಐದು ಪಾಲಿಕೆಗಳಾಗಿ ಹಂಚಿಹೋಗಿದೆ, ಕಡತಗಳ ಜೊತೆ ಕಂಬಗಳ ಪಟ್ಟಿಯೂ ಕೈಬದಲಾಗಲಿ.

ನೀವು ಮಾಡಬಹುದಾದದ್ದು: ಗಾಡಿ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಬುಡದ ಫೋಟೊ ತೆಗೆಯಿರಿ, ಫಲಕದ ಫೋಟೊ ಆಮೇಲೆ. ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಬರೆದುಕೊಳ್ಳಿ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಹೇಳಿ, ಒಳರಸ್ತೆಯಾದರೆ ನಿಮ್ಮ ಪಾಲಿಕೆಗೆ. ‘ತುಕ್ಕು ಹಿಡಿದಿದೆ’ ಎನ್ನುವುದಕ್ಕಿಂತ ‘ಇಂಥ ಬದಿಯ ಎರಡು ನಟ್ಟು ಕಾಣೆ’ ಎಂದು ಬರೆದರೆ ಎಂಜಿನಿಯರ್ ಸುಮ್ಮನೆ ಕೂರುವುದು ಕಷ್ಟ.

ಕಿತ್ತುಹಾಕುವ ಸಲಹೆಗೆ ಮಾತ್ರ ನನ್ನ ಸಮ್ಮತಿಯಿಲ್ಲ. ಹೆಬ್ಬಾಳದಂಥ ಕಡೆ ಯಾವ ಲೇನು ಎಲ್ಲಿಗೆಂದು ದೂರದಿಂದಲೇ ತಿಳಿಯದಿದ್ದರೆ ಕೊನೆಯ ಗಳಿಗೆಯಲ್ಲಿ ಅಡ್ಡ ನುಗ್ಗುವವರ ಪಾಲಿಗೆ ಸಿಗುವವರು ನಿಮ್ಮಂಥ ಸ್ಕೂಟರಿನವರೇ. ಆ ಗಳಿಗೆಯಲ್ಲಿ ಮೊಬೈಲ್ ನೋಡುವವನು ಇನ್ನೂ ಅಪಾಯಕಾರಿ. ಫಲಕ ಬಿಚ್ಚಿಹೋಗಿ ಬರೀ ಚೌಕಟ್ಟು ಉಳಿದಿರುವವನ್ನು ಬೇಕಾದರೆ ನಾಳೆಯೇ ಇಳಿಸಲಿ.

— ಸಂಪಾದಕ