ಆಫರ್ ಶೀಟ್ ಬಂದರೆ ಏಳೇ ದಿನ: ಐಸ್ ಹಾಕಿ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸರ್, ನಾವು ಎಡ್ಮಂಟನ್‌ನಲ್ಲಿದ್ದೇವೆ. ನನ್ನ ಮಗನಿಗೆ ಇಲ್ಲಿನ ತಂಡ ಆಯಿಲರ್ಸ್ ಅಂದ್ರೆ ಪ್ರಾಣ. 2024ರ ಆಗಸ್ಟ್‌ನಲ್ಲಿ ಸೇಂಟ್ ಲೂಯಿಸ್ ಬ್ಲೂಸ್‌ನವರು ಬ್ರೋಬರ್ಗ್, ಹಾಲೊವೇ ಇಬ್ಬರನ್ನೂ ‘ಆಫರ್ ಶೀಟ್’ ಹಾಕಿ ಎತ್ತಿಕೊಂಡು ಹೋದರು. ಅವನಿಗೆ ಇನ್ನೂ ಸಿಟ್ಟು ಇಳಿದಿಲ್ಲ. ನಮ್ಮ ತಂಡದ ಹುಡುಗರನ್ನು ಬೇರೆಯವರು ಹೀಗೆ ಕರೆದುಕೊಂಡು ಹೋಗಬಹುದಾ? ನಮ್ಮವರು ಸುಮ್ನೆ ಯಾಕೆ ಬಿಟ್ಟರು?

ಉತ್ತರ: ಸುಮ್ನೆ ಬಿಡಲಿಲ್ಲ, ಲೆಕ್ಕ ಹಾಕಿಯೇ ಬಿಟ್ಟರು. ಆ ಲೆಕ್ಕ ಸರಿಯಾಗಿತ್ತಾ ಅನ್ನೋದು ಬೇರೆ ಮಾತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಯಮ ನೋಡೋಣ. ಎನ್‌ಎಚ್‌ಎಲ್‌ನಲ್ಲಿ, ಅಂದರೆ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್‌ನಲ್ಲಿ, ಎಳೆಯ ಆಟಗಾರನ ಒಪ್ಪಂದ ಮುಗಿದ ಕೂಡಲೇ ಅವನಿಗೆ ಪೂರ್ತಿ ಸ್ವಾತಂತ್ರ್ಯ ಸಿಗುವುದಿಲ್ಲ. ವಯಸ್ಸು 27 ಆಗಬೇಕು, ಇಲ್ಲವೇ ಲೀಗ್‌ನಲ್ಲಿ ಏಳು ಸೀಸನ್ ಮುಗಿದಿರಬೇಕು. ಅಲ್ಲಿಯವರೆಗೆ, ಹಳೆಯ ತಂಡ ಜೂನ್ ಕೊನೆಯೊಳಗೆ ‘ಕ್ವಾಲಿಫೈಯಿಂಗ್ ಆಫರ್’ ಅಂತ ಒಂದು ಕನಿಷ್ಠ ಸಂಬಳದ ಪ್ರಸ್ತಾಪ ಕೊಟ್ಟರೆ ಸಾಕು, ಅವನ ಮೇಲಿನ ಹಕ್ಕು ಉಳಿಯುತ್ತದೆ. ಇಂಥವನೇ ರಿಸ್ಟ್ರಿಕ್ಟೆಡ್ ಫ್ರೀ ಏಜೆಂಟ್. ಜುಲೈ 1ರಿಂದ ಬೇರೆ ತಂಡಗಳೂ ಅವನ ಮುಂದೆ ಒಪ್ಪಂದ ಇಡಬಹುದು. ಅವನು ಸಹಿ ಹಾಕಿದರೆ ಅದು ಆಫರ್ ಶೀಟ್. ಆಗ ಹಳೆಯ ತಂಡಕ್ಕೆ ಏಳು ದಿನ ಟೈಮು. ಅದೇ ಸಂಬಳ, ಅದೇ ಅವಧಿ, ಅದೇ ಷರತ್ತು ಒಪ್ಪಿ ಹುಡುಗನನ್ನು ಉಳಿಸಿಕೊಳ್ಳಬೇಕು. ಇಲ್ಲ ಅಂದ್ರೆ ಬಿಟ್ಟು, ಪರಿಹಾರವಾಗಿ ಡ್ರಾಫ್ಟ್ ಪಿಕ್ (ಪ್ರತಿವರ್ಷ ಹೊಸ ಹುಡುಗರನ್ನು ಸರದಿಯಂತೆ ಆರಿಸುವ ಹಕ್ಕು) ತೆಗೆದುಕೊಳ್ಳಬೇಕು. ನಡುವೆ ಚೌಕಾಸಿಗೆ ಜಾಗವಿಲ್ಲ.

ಎಷ್ಟು ಪಿಕ್ ಅನ್ನೋದು ಸಂಬಳದ ಮೇಲೆ ನಿಂತಿದೆ. ಲೀಗ್ ಪ್ರತಿವರ್ಷ ಒಂದು ಪಟ್ಟಿ ಕೊಡುತ್ತದೆ. 2024ರ ಪಟ್ಟಿಯಲ್ಲಿ ವರ್ಷಕ್ಕೆ 15 ಲಕ್ಷ ಡಾಲರ್ ಆಸುಪಾಸಿನವರೆಗೆ ಏನೂ ಕೊಡಬೇಕಿರಲಿಲ್ಲ. ಅಲ್ಲಿಂದ 22,90,457 ಡಾಲರ್‌ವರೆಗೆ ಮೂರನೇ ಸುತ್ತಿನ ಒಂದು ಪಿಕ್. 45,80,917ರವರೆಗೆ ಎರಡನೇ ಸುತ್ತಿನ ಒಂದು ಪಿಕ್. ಅದರ ಮೇಲೆ ಹೋದರೆ ಮೊದಲ ಸುತ್ತಿನ ಪಿಕ್‌ಗಳು ಹೋಗಲು ಶುರು. 1.14 ಕೋಟಿ ಡಾಲರ್ ದಾಟಿದರಂತೂ ನಾಲ್ಕು ಮೊದಲ ಸುತ್ತಿನ ಪಿಕ್‌ಗಳೇ ಹೋಗುತ್ತವೆ.

ಈಗ ಬ್ಲೂಸ್‌ನ ಆಫರ್ ನೋಡಿ. ಹಾಲೊವೇಗೆ ಎರಡು ವರ್ಷ, ವರ್ಷಕ್ಕೆ 22,90,457 ಡಾಲರ್. ಬ್ರೋಬರ್ಗ್‌ಗೆ ಎರಡು ವರ್ಷ, ವರ್ಷಕ್ಕೆ 45,80,917 ಡಾಲರ್. ಒಂದು ಡಾಲರ್ ಕೂಡ ಆಚೆ ಈಚೆ ಇಲ್ಲ! ಆ ಪಿಕ್‌ಗೆ ಕೊಡಬಹುದಾದ ಗರಿಷ್ಠ ಸಂಬಳ ಎಷ್ಟೋ ಅಷ್ಟನ್ನೇ ಬರೆದಿದ್ದಾರೆ. ತಮಗೆ ಅಗ್ಗ ಆಗಬೇಕು, ಎಡ್ಮಂಟನ್‌ಗೆ ಭಾರ ಆಗಬೇಕು. ಬ್ಲೂಸ್‌ನ ಜನರಲ್ ಮ್ಯಾನೇಜರ್ ಡಗ್ ಆರ್ಮ್‌ಸ್ಟ್ರಾಂಗ್ ಪಟ್ಟಿಯನ್ನು ಎದುರಿಗಿಟ್ಟುಕೊಂಡೇ ಕೂತಿದ್ದರು ಅನ್ನಿ.

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಪರಿಹಾರವಾಗಿ ಕೊಡುವ ಪಿಕ್ ತಂಡದ ಸ್ವಂತದ್ದೇ ಆಗಿರಬೇಕು, ಬೇರೆ ತಂಡದಿಂದ ಬಂದದ್ದು ನಡೆಯುವುದಿಲ್ಲ. ಬ್ಲೂಸ್‌ನ 2025ರ ಎರಡನೇ ಸುತ್ತಿನ ಪಿಕ್ ಆಗ ಪಿಟ್ಸ್‌ಬರ್ಗ್ ಕೈಯಲ್ಲಿತ್ತು. ಅದೇ ಬೇಸಿಗೆಯಲ್ಲಿ ಕೆವಿನ್ ಹೇಯ್ಸ್‌ನನ್ನು ಕಳಿಸುವಾಗ ಜೊತೆಗೆ ಕೊಟ್ಟಿದ್ದರು. ಬೇರೆ ಎರಡು ಪಿಕ್ ಕೊಟ್ಟು ಅದನ್ನು ವಾಪಸ್ ತಂದುಕೊಂಡ ಮೇಲೆಯೇ ಆಫರ್ ಇಟ್ಟರು.

ಟೈಮಿಂಗ್ ಇನ್ನೂ ಕಿಲಾಡಿತನದ್ದು. ತಾರೀಕು ಆಗಸ್ಟ್ 13. ಜುಲೈನಲ್ಲೇ ಎಡ್ಮಂಟನ್ ಜೆಫ್ ಸ್ಕಿನ್ನರ್, ವಿಕ್ಟರ್ ಆರ್ವಿಡ್ಸನ್ ಅವರಿಗೆಲ್ಲ ಹಣ ಹಾಕಿ ಮುಗಿಸಿತ್ತು. ಆ ಸೀಸನ್‌ನ ಸ್ಯಾಲರಿ ಕ್ಯಾಪ್ (ಒಂದು ತಂಡದ ಒಟ್ಟು ಸಂಬಳದ ಮಿತಿ) 8.8 ಕೋಟಿ ಡಾಲರ್, ಆಯಿಲರ್ಸ್ ಆಗಲೇ ಅದರ ಅಂಚಿನಲ್ಲಿತ್ತು. ತಂಡದ ತಾರೆ ಡ್ರೈಸೈಟಲ್‌ನ ದೊಡ್ಡ ಒಪ್ಪಂದ ಬೇರೆ ಬಾಗಿಲಲ್ಲಿ ನಿಂತಿತ್ತು. ಜನರಲ್ ಮ್ಯಾನೇಜರ್ ಸ್ಟ್ಯಾನ್ ಬೌಮನ್ ಕೆಲಸಕ್ಕೆ ಸೇರಿ ಮೂರು ವಾರವೂ ಆಗಿರಲಿಲ್ಲ. ಒಂದೇ ಆಫರ್ ಬಂದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದರು. ಎರಡೂ ಒಂದೇ ದಿನ ಬಂದವು, ಸೇರಿ ವರ್ಷಕ್ಕೆ ಸುಮಾರು 68.7 ಲಕ್ಷ ಡಾಲರ್. ಆಗಸ್ಟ್ 20ಕ್ಕೆ ಎಡ್ಮಂಟನ್ ಇಬ್ಬರನ್ನೂ ಬಿಟ್ಟಿತು. ಸಿಕ್ಕಿದ್ದು ಎರಡನೇ ಸುತ್ತಿನ ಒಂದು, ಮೂರನೇ ಸುತ್ತಿನ ಒಂದು ಪಿಕ್. ಜೊತೆಗೆ ಬೇರೊಂದು ವ್ಯವಹಾರದಲ್ಲಿ ಬ್ಲೂಸ್‌ನಿಂದ ಪಾಲ್ ಫಿಶರ್ ಅನ್ನುವ ಹುಡುಗ ಮತ್ತು 2028ರ ಮೂರನೇ ಸುತ್ತಿನ ಪಿಕ್. ಎಡ್ಮಂಟನ್ ಬ್ರೋಬರ್ಗ್‌ನನ್ನು 2019ರಲ್ಲಿ 8ನೆಯವನಾಗಿ, ಹಾಲೊವೇಯನ್ನು 2020ರಲ್ಲಿ 14ನೆಯವನಾಗಿ ಆರಿಸಿತ್ತು ಅನ್ನೋದು ನೆನಪಿರಲಿ.

ನನ್ನ ಅಭಿಪ್ರಾಯ ಕೇಳಿದರೆ, ಬ್ರೋಬರ್ಗ್‌ನನ್ನು ಬಿಟ್ಟದ್ದು ಅರ್ಥವಾಗುತ್ತದೆ. ಆ ಹೊತ್ತಿಗೆ ಅವನಿಗೆ ಅದು ಜಾಸ್ತಿ ಸಂಬಳವೇ. ಹಾಲೊವೇಯನ್ನು ಬಿಡಬಾರದಿತ್ತು. 2023-24ರಲ್ಲಿ ಅವನು 38 ಪಂದ್ಯಗಳಲ್ಲಿ ಗಳಿಸಿದ್ದು 9 ಪಾಯಿಂಟ್ (ಗೋಲು ಮತ್ತು ಗೋಲಿಗೆ ನೆರವು ಸೇರಿ) ಮಾತ್ರ, ನಿಜ. ಆದರೆ 22.9 ಲಕ್ಷ ಡಾಲರ್ ಎಲ್ಲಿಂದಲಾದರೂ ಹೊಂದಿಸಬಹುದಾದ ಮೊತ್ತ. ಸೇಂಟ್ ಲೂಯಿಸ್‌ನಲ್ಲಿ ಮೊದಲ ಸೀಸನ್‌ನಲ್ಲೇ 26 ಗೋಲು, 63 ಪಾಯಿಂಟ್ ಹೊಡೆದ. ಮಗನ ಸಿಟ್ಟಿಗೆ ಅರ್ಧದಷ್ಟು ನ್ಯಾಯ ಇದೆ ಅಂತ ಹೇಳಿಬಿಡಿ. ಇನ್ನರ್ಧ ಯಾಕಿಲ್ಲ ಅಂದ್ರೆ, ಅದೇ ಸೀಸನ್‌ನಲ್ಲಿ ಆಯಿಲರ್ಸ್ ಮತ್ತೆ ಸ್ಟ್ಯಾನ್ಲಿ ಕಪ್ ಫೈನಲ್‌ಗೆ ಹೋಯಿತು.

ಪ್ರಶ್ನೆ: ನಾನು ಬೆಂಗಳೂರಿನವನು, ಆರ್‌ಸಿಬಿ ಭಕ್ತ. ಇದು ನಮ್ಮ ಐಪಿಎಲ್‌ನ ಆರ್‌ಟಿಎಂ (ರೈಟ್ ಟು ಮ್ಯಾಚ್) ಕಾರ್ಡ್ ತರಾನೇ ಅಲ್ವಾ?

ಉತ್ತರ: ಹತ್ತಿರದ ಸಂಬಂಧಿ. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ನಡೆದ ಹರಾಜು ನೆನಪಿಸಿಕೊಳ್ಳಿ. ಅರ್ಷದೀಪ್ ಸಿಂಗ್‌ಗೆ ಹೈದರಾಬಾದ್ 15.75 ಕೋಟಿ ಕೂಗಿತು. ಪಂಜಾಬ್ ಕಾರ್ಡ್ ಎತ್ತಿತು. ಹೈದರಾಬಾದ್ 18 ಕೋಟಿಗೆ ಏರಿಸಿತು, ಪಂಜಾಬ್ ಅದನ್ನೂ ಒಪ್ಪಿಕೊಂಡಿತು. ಬೇರೆಯವರು ಬೆಲೆ ಕಟ್ಟಿದ ಮೇಲೆ ಹಳೆಯ ತಂಡ ಅದೇ ಬೆಲೆಗೆ ಉಳಿಸಿಕೊಳ್ಳುವುದು ಎರಡರಲ್ಲೂ ಇದೆ.

ಆದರೆ ಐಪಿಎಲ್‌ನಲ್ಲಿ ಬಿಟ್ಟುಕೊಟ್ಟರೆ ಕೈಗೆ ಏನೂ ಬರುವುದಿಲ್ಲ. ಸಿರಾಜ್ 12.25 ಕೋಟಿಗೆ ಗುಜರಾತ್‌ಗೆ ಹೋದಾಗ ಆರ್‌ಸಿಬಿಗೆ ಸಿಕ್ಕಿದ್ದು ಅಭಿಮಾನಿಗಳ ಬೈಗುಳ ಅಷ್ಟೇ. ಎನ್‌ಎಚ್‌ಎಲ್‌ನಲ್ಲಿ ಪಿಕ್ ಸಿಗುತ್ತದೆ. ಮುಖ್ಯವಾದ ವ್ಯತ್ಯಾಸ ಇನ್ನೊಂದು. ಹರಾಜಿನಲ್ಲಿ ಆಟಗಾರನನ್ನು ಯಾರೂ ಏನೂ ಕೇಳುವುದಿಲ್ಲ. ಆಫರ್ ಶೀಟ್‌ಗೆ ಆಟಗಾರನ ಸಹಿ ಬಿದ್ದರೆ ಮಾತ್ರ ಬೆಲೆ. ಅವನಿಗೆ ಆ ಊರು ಬೇಡ ಅಂದ್ರೆ ಎಷ್ಟು ಕೋಟಿ ಬರೆದರೂ ಅದು ಬರೀ ಕಾಗದ.

ಪ್ರಶ್ನೆ: ಇಷ್ಟು ಒಳ್ಳೆ ದಾರಿ ಇದ್ದರೂ ವರ್ಷಕ್ಕೊಂದು ಆಫರ್ ಶೀಟ್ ಕೂಡ ಕಾಣುವುದಿಲ್ಲವಲ್ಲ? ಮ್ಯಾನೇಜರ್‌ಗಳೆಲ್ಲ ಒಳಗೊಳಗೇ ಮಾತಾಡಿಕೊಂಡಿದ್ದಾರೆ ಅಂತಾರೆ, ನಿಜವಾ? (ಟೊರಾಂಟೊದಿಂದ)

ಉತ್ತರ: ಆ ಗುಸುಗುಸು ಹಳೆಯದು. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಮುಯ್ಯಿಗೆ ಮುಯ್ಯಿ ಬರುತ್ತದೆ ಅನ್ನುವ ಭಯ ಇದೆ, ಅದು ಖಂಡಿತ.

2007ರ ಕಥೆ ಕೇಳಿ. ಅವತ್ತು ಹೀಗೆ ಎತ್ತಿಕೊಂಡು ಹೋದವರು ಇದೇ ಎಡ್ಮಂಟನ್‌ನವರು! ಆಗಿನ ಜನರಲ್ ಮ್ಯಾನೇಜರ್ ಕೆವಿನ್ ಲೋ ಮೊದಲು ಬಫಲೋದ ಥಾಮಸ್ ವ್ಯಾನೆಕ್‌ಗೆ ಏಳು ವರ್ಷಕ್ಕೆ 5 ಕೋಟಿ ಡಾಲರ್ ಬರೆದರು. ಬಫಲೋ ಆಗಷ್ಟೇ ಬ್ರಿಯೇರ್, ಡ್ರೂರಿ ಇಬ್ಬರನ್ನೂ ಕಳೆದುಕೊಂಡು ಕೂತಿತ್ತು, ತಕ್ಷಣ ಮ್ಯಾಚ್ ಮಾಡಿತು, ಅಂದರೆ ಅದೇ ಮೊತ್ತ ಒಪ್ಪಿ ಅವನನ್ನು ಉಳಿಸಿಕೊಂಡಿತು. ಲೋ ಸುಮ್ಮನಾಗಲಿಲ್ಲ. ಆ ವರ್ಷದ ಕಪ್ ಗೆದ್ದಿದ್ದ ಅನಾಹೈಮ್‌ನ ಡಸ್ಟಿನ್ ಪೆನ್ನರ್‌ಗೆ ಐದು ವರ್ಷಕ್ಕೆ 2.125 ಕೋಟಿ ಡಾಲರ್ ಕೊಟ್ಟರು. ಅನಾಹೈಮ್ ಬಿಟ್ಟಿತು. ಅಲ್ಲಿನ ಜನರಲ್ ಮ್ಯಾನೇಜರ್ ಬ್ರಯನ್ ಬರ್ಕ್ ಎಲ್ಲರೆದುರೇ ಲೋ ಅವರನ್ನು ಹಿಗ್ಗಾಮುಗ್ಗಾ ಬೈದರು. ಕೊಟ್ಟಿಗೆಯೊಂದನ್ನು ಬಾಡಿಗೆಗೆ ಹಿಡಿದು ಅಲ್ಲೇ ಕೈಕೈ ಮಿಲಾಯಿಸಿ ಇತ್ಯರ್ಥ ಮಾಡಿಕೊಳ್ಳಲು ಹೊರಟಿದ್ದೆ ಅಂತ ಮುಂದೆ ಅವರೇ ಹೇಳಿಕೊಂಡಿದ್ದಾರೆ.

ಪೆನ್ನರ್‌ಗೆ ಬದಲಾಗಿ ಅನಾಹೈಮ್‌ಗೆ ಎಡ್ಮಂಟನ್‌ನ 2008ರ ಮೊದಲ, ಎರಡನೇ, ಮೂರನೇ ಸುತ್ತಿನ ಪಿಕ್‌ಗಳು ಬಂದವು. ಆ ಎರಡನೇ ಸುತ್ತಿನ ಪಿಕ್‌ನಲ್ಲಿ ಅವರು ಜಸ್ಟಿನ್ ಶುಲ್ಟ್ಜ್ ಎಂಬ ಡಿಫೆನ್ಸ್‌ ಆಟಗಾರನನ್ನು ಆರಿಸಿದರು. ಅವನು ಅನಾಹೈಮ್‌ಗೆ ಸಹಿಯೇ ಹಾಕಲಿಲ್ಲ. 2012ರಲ್ಲಿ ಫ್ರೀ ಏಜೆಂಟ್ ಆಗಿ ಸೀದಾ ಎಡ್ಮಂಟನ್‌ಗೆ ಹೋದ. ಬರ್ಕ್ ಅಷ್ಟರಲ್ಲಿ ಬೇರೆ ತಂಡದಲ್ಲಿದ್ದರು, ಅದೊಂದು ಪುಣ್ಯ.

ಮುಯ್ಯಿ ತೀರಿಸಿದ್ದು ಕಣ್ಣಿಗೆ ಕಟ್ಟುವಂತೆ ಕಂಡದ್ದು ಕ್ಯಾರೊಲಿನಾ ಮತ್ತು ಮಾಂಟ್ರಿಯಲ್ ನಡುವೆ. 2019ರ ಜುಲೈ 1ರಂದು ಮಾಂಟ್ರಿಯಲ್, ಕ್ಯಾರೊಲಿನಾದ ಸೆಬಾಸ್ಟಿಯನ್ ಆಹೋಗೆ ಐದು ವರ್ಷಕ್ಕೆ 4.227 ಕೋಟಿ ಡಾಲರ್ ಆಫರ್ ಕೊಟ್ಟಿತು. ಅದರಲ್ಲಿ 2 ಕೋಟಿಗೂ ಜಾಸ್ತಿ ಮೊದಲ 12 ತಿಂಗಳಲ್ಲೇ ಕೈಗೆ ಬರುವಂತೆ ಬರೆದಿದ್ದರು. ಅಷ್ಟು ನಗದು ಒಟ್ಟಿಗೆ ಬಿಚ್ಚಲು ಕ್ಯಾರೊಲಿನಾ ಹೆದರಬಹುದು ಅನ್ನುವ ಆಸೆ. ಹೆದರಲಿಲ್ಲ, ಮ್ಯಾಚ್ ಮಾಡಿದರು. ಎರಡು ವರ್ಷ ಬಿಟ್ಟು, 2021ರ ಆಗಸ್ಟ್‌ನಲ್ಲಿ ಕ್ಯಾರೊಲಿನಾ ಮಾಂಟ್ರಿಯಲ್‌ನ ಯೆಸ್ಪೆರಿ ಕೊಟ್ಕನಿಯೆಮಿಗೆ ಒಂದು ವರ್ಷಕ್ಕೆ 61,00,035 ಡಾಲರ್ ಆಫರ್ ಇಟ್ಟಿತು. ಅದರಲ್ಲಿ ಸೈನಿಂಗ್ ಬೋನಸ್ 20 ಡಾಲರ್. ಹೌದು, ಇಪ್ಪತ್ತೇ ಡಾಲರ್. ಆಹೋನ ಜರ್ಸಿ ನಂಬರ್ 20! ಕ್ಯಾರೊಲಿನಾದವರು ಮಾಂಟ್ರಿಯಲ್ ಜನಕ್ಕೆ ಅರ್ಥವಾಗಲಿ ಅಂತ ಫ್ರೆಂಚ್‌ನಲ್ಲಿ ಟ್ವೀಟ್ ಕೂಡ ಮಾಡಿದರು. ಮಾಂಟ್ರಿಯಲ್ ಮ್ಯಾಚ್ ಮಾಡಲಿಲ್ಲ. ಮೊದಲ ಮತ್ತು ಮೂರನೇ ಸುತ್ತಿನ ಪಿಕ್ ತೆಗೆದುಕೊಂಡಿತು.

ಇಷ್ಟೆಲ್ಲ ಮಜಾ ಇದ್ದರೂ ಆಫರ್ ಶೀಟ್ ಕಡಿಮೆಯಾಗಲು ನಿಜವಾದ ಕಾರಣ ಸಪ್ಪೆ. ದೊಡ್ಡ ಆಟಗಾರನಿಗೆ ಇಟ್ಟರೆ ಹಳೆಯ ತಂಡ ಏನಾದರೂ ಮಾಡಿ ಉಳಿಸಿಕೊಳ್ಳುತ್ತದೆ. 2012ರಲ್ಲಿ ಫಿಲಡೆಲ್ಫಿಯಾ, ನ್ಯಾಶ್‌ವಿಲ್‌ನ ಶೇ ವೆಬರ್‌ಗೆ 14 ವರ್ಷಕ್ಕೆ 11 ಕೋಟಿ ಡಾಲರ್ ಬರೆದಿತ್ತು. ನ್ಯಾಶ್‌ವಿಲ್ ಶ್ರೀಮಂತ ತಂಡವೇನಲ್ಲ, ಆದರೂ ಮ್ಯಾಚ್ ಮಾಡಿತು. ಅಂದರೆ ನೀವು ಎದುರಾಳಿಯ ಪರವಾಗಿ ಕೂತು ಒಪ್ಪಂದ ಬರೆದುಕೊಟ್ಟ ಹಾಗೆ. ಸಣ್ಣ ಆಟಗಾರನಿಗೆ ಇಟ್ಟರೆ ಸಂಬಳ ಹೊರೆಯಾಗುತ್ತದೆ. ಕೆಲಸ ಮಾಡುವುದು ಮಧ್ಯದವರ ಮೇಲೆ: ಹಳೆಯ ತಂಡಕ್ಕೆ ಬೇಕು, ಆದರೆ ಅಷ್ಟು ಬೆಲೆಗೆ ಬೇಡ ಅನ್ನಿಸುವಂಥವನು. ಅಂಥವನು ಸಿಗಬೇಕು, ಎದುರಾಳಿಯ ಕ್ಯಾಪ್ ತುಂಬಿರಬೇಕು, ನಿಮ್ಮ ಸ್ವಂತ ಪಿಕ್ ನಿಮ್ಮ ಬಳಿಯೇ ಇರಬೇಕು. ಮೂರೂ ಒಟ್ಟಿಗೆ ಕೂಡಿ ಬರುವುದು ಅಪರೂಪ. ಆಟಗಾರ ಸಂಬಳದ ಪಂಚಾಯ್ತಿಗೆ, ಅಂದರೆ ಆರ್ಬಿಟ್ರೇಷನ್‌ಗೆ ಅರ್ಜಿ ಹಾಕಿಬಿಟ್ಟರಂತೂ ಆಫರ್ ಶೀಟ್‌ನ ಬಾಗಿಲೇ ಮುಚ್ಚಿತು.

ಕ್ಯಾಪ್ ಈಗ ಭರ್ರನೆ ಏರುತ್ತಿದೆ. 2025-26ಕ್ಕೆ 9.55 ಕೋಟಿ ಡಾಲರ್, 2026-27ಕ್ಕೆ 10.4 ಕೋಟಿ. ಹಣ ಜಾಸ್ತಿಯಾದರೆ ಆಫರ್ ಇಡುವವರೂ ಜಾಸ್ತಿಯಾಗುತ್ತಾರೆ ಅಂತ ಕೆಲವರು ಹೇಳುತ್ತಾರೆ. ನನಗೆ ಅನುಮಾನ. ಜಾಗ ಜಾಸ್ತಿಯಾದರೆ ಮ್ಯಾಚ್ ಮಾಡುವವರಿಗೂ ಸುಲಭ ಅಲ್ವಾ?

ಪ್ರಶ್ನೆ: ವರ್ಷಕ್ಕೆ 70 ಲಕ್ಷ ಡಾಲರ್‌ನಂತೆ ಏಳು ವರ್ಷದ ಆಫರ್ ಇಟ್ಟರೆ ಪರಿಹಾರ 70 ಲಕ್ಷದ ಲೆಕ್ಕದಲ್ಲೇ ತಾನೇ?

ಉತ್ತರ: ಅಲ್ಲ. ಇಲ್ಲೇ ಬಹಳ ಜನ ಎಡವುವುದು. ಪಿಕ್ ಲೆಕ್ಕಕ್ಕೆ ಒಟ್ಟು ಮೊತ್ತವನ್ನು ಒಪ್ಪಂದದ ವರ್ಷಗಳಿಂದ ಭಾಗಿಸಬೇಕು, ಆದರೆ ಐದಕ್ಕಿಂತ ಜಾಸ್ತಿ ವರ್ಷಗಳಿಂದ ಭಾಗಿಸುವಂತಿಲ್ಲ. ಏಳು ವರ್ಷಕ್ಕೆ ಒಟ್ಟು 4.9 ಕೋಟಿ. ಐದರಿಂದ ಭಾಗಿಸಿದರೆ 98 ಲಕ್ಷ. 2024ರ ಪಟ್ಟಿಯಲ್ಲಿ 70 ಲಕ್ಷಕ್ಕೆ ಮೊದಲ, ಎರಡನೇ, ಮೂರನೇ ಸುತ್ತಿನ ತಲಾ ಒಂದು ಪಿಕ್ ಸಾಕಾಗುತ್ತಿತ್ತು. 98 ಲಕ್ಷಕ್ಕೆ ಮೊದಲ ಸುತ್ತಿನವೇ ಎರಡು, ಜೊತೆಗೆ ಎರಡನೆಯದು ಒಂದು, ಮೂರನೆಯದು ಒಂದು. ಕ್ಯಾಪ್‌ನಲ್ಲಿ ಮಾತ್ರ ವರ್ಷಕ್ಕೆ 70 ಲಕ್ಷವೇ ಕೂರುತ್ತದೆ.

ಪ್ರಶ್ನೆ: ಮ್ಯಾಚ್ ಮಾಡಿದ ಮೇಲೆ ಆಟಗಾರನನ್ನು ಬೇರೆ ಕಡೆ ಟ್ರೇಡ್ ಮಾಡಬಹುದಾ? ಮ್ಯಾಚ್ ಆಯಿತು ಅಂದ್ರೆ ಆಫರ್ ಇಟ್ಟವರು ಸೋತ ಹಾಗೇನಾ?

ಉತ್ತರ: ಒಂದು ವರ್ಷ ಟ್ರೇಡ್ ಮಾಡುವಂತಿಲ್ಲ. ಸೋಲಿನ ವಿಷಯಕ್ಕೆ 2010ರದ್ದು ಹೇಳುತ್ತೇನೆ. ಶಿಕಾಗೊ ಜೂನ್‌ನಲ್ಲಿ ಕಪ್ ಗೆದ್ದಿತ್ತು, ಕ್ಯಾಪ್‌ನಲ್ಲಿ ಉಸಿರಾಡಲು ಜಾಗವಿರಲಿಲ್ಲ. ಸ್ಯಾನ್ ಹೋಸೆ ತಂಡ ಶಿಕಾಗೊದ ಡಿಫೆನ್ಸ್‌ ಆಟಗಾರ ನಿಕ್ಲಾಸ್ ಯಾಲ್ಮಾರ್ಸನ್‌ಗೆ ನಾಲ್ಕು ವರ್ಷಕ್ಕೆ 1.4 ಕೋಟಿ ಡಾಲರ್ ಆಫರ್ ಇಟ್ಟಿತು. ಶಿಕಾಗೊ ಮ್ಯಾಚ್ ಮಾಡಿ ಉಳಿಸಿಕೊಂಡಿತು. ಸ್ವಲ್ಪ ದಿನದಲ್ಲೇ ಕಪ್ ಗೆಲ್ಲಿಸಿದ ಗೋಲಿ ಆಂಟಿ ನಿಯೆಮಿಗೆ ಆರ್ಬಿಟ್ರೇಷನ್‌ನಲ್ಲಿ 27.5 ಲಕ್ಷ ಡಾಲರ್ ಸಿಕ್ಕಿತು. ಅಷ್ಟು ಕೊಡಲು ಹಣ ಉಳಿದಿರಲಿಲ್ಲ, ಶಿಕಾಗೊ ಅವನನ್ನು ಬಿಟ್ಟುಬಿಟ್ಟಿತು. ಸೆಪ್ಟೆಂಬರ್‌ನಲ್ಲಿ ನಿಯೆಮಿ ಸಹಿ ಹಾಕಿದ್ದು ಸ್ಯಾನ್ ಹೋಸೆಗೆ. ಅವರ ಒಂದು ಪಿಕ್ ಕೂಡ ಖರ್ಚಾಗಲಿಲ್ಲ.