ಸರ್ವರ್ ನಿಧಾನ ಅಂತ ಬೈದೆ, ತಪ್ಪಾ?

ಪ್ರಶ್ನೆ: ನಮ್ಮ 40 ಜನರ ಬಳಗಕ್ಕಾಗಿ ಮ್ಯಾಟ್ರಿಕ್ಸ್ (ಬೇರೆ ಬೇರೆಯವರ ಸರ್ವರ್‌ಗಳು ಒಂದಕ್ಕೊಂದು ಬೆಸೆದುಕೊಳ್ಳುವ ಚಾಟ್ ಜಾಲ) ಚಾಟ್ ಸರ್ವರ್ ಒಂದನ್ನು ಹಾಕಿಕೊಂಡೆ. 2 ಜಿಬಿ ಮೆಮೊರಿಯ ಸಣ್ಣ ಯಂತ್ರ. ಚೆನ್ನಾಗೇ ಓಡುತ್ತಿತ್ತು. ಮೊನ್ನೆ ಒಬ್ಬರು ಹೊರಗಿನ ಭಾರೀ ರೂಮೊಂದಕ್ಕೆ ಸೇರಿದರು ನೋಡಿ, ಇಡೀ ಸರ್ವರ್ ಮಲಗಿಬಿಟ್ಟಿತು. ರಾತ್ರಿಯೆಲ್ಲ ಒದ್ದಾಡಿ, ‘ಇದು ಕಸ, ಯಾರೂ ಹಾಕ್ಕೋಬೇಡಿ’ ಎಂದು ಎಲ್ಲರಿಗೂ ಕಾಣುವ ಹಾಗೆ ಬರೆದೆ. ‘ಪುಕ್ಕಟೆ ಸಿಕ್ಕಿದ್ದಕ್ಕೆ ಇಷ್ಟು ಮಾತಾ?’ ಎಂದು ಯಾರೋ ಕೇಳಿದರು. ತಪ್ಪು ನನ್ನದಾ?

ಉತ್ತರ: ಸಿಟ್ಟು ಬಂದದ್ದು ಸಹಜ. ‘ಪುಕ್ಕಟೆ’ ಅನ್ನುವ ವಾದ ನನಗೂ ಹಿಡಿಸುವುದಿಲ್ಲ. ದುಡ್ಡು ಕೊಡದಿದ್ದರೂ ಒಂದು ರಾತ್ರಿಯ ನಿದ್ದೆ ಕೊಟ್ಟಿದ್ದೀರಿ, ಅಲ್ವಾ? ಆದರೆ ‘ಕಸ’ ಅಂತ ಓದಿದವರು ಎಲ್ಲಿಂದ ರಿಪೇರಿ ಶುರುಮಾಡಬೇಕು ಹೇಳಿ.

ಮ್ಯಾಟ್ರಿಕ್ಸ್‌ನಲ್ಲಿ ರೂಮ್ ಅನ್ನೋದು ಒಂದು ಕಡೆ ಕೂತಿರುವುದಿಲ್ಲ. ಅದರಲ್ಲಿ ಪಾಲುಗೊಂಡ ಪ್ರತಿ ಸರ್ವರ್‌ನಲ್ಲೂ ಒಂದು ನಕಲು ಇರುತ್ತದೆ. ನಿಮ್ಮ ಕಡೆಯಿಂದ ಸೇರಿದ್ದು ಒಬ್ಬರೇ ಆದರೂ, ಅಲ್ಲಿ ಯಾರ್ಯಾರಿದ್ದಾರೆ, ಯಾರಿಗೆ ಯಾವ ಅಧಿಕಾರ ಅನ್ನುವುದೆಲ್ಲ ನಿಮ್ಮ ಡೇಟಾಬೇಸಿಗೆ ಇಳಿಯಬೇಕು, ಒಂದೊಂದು ದಾಖಲೆಯ ಸಹಿಯನ್ನೂ ನಿಮ್ಮ ಸರ್ವರ್ರೇ ಪರೀಕ್ಷಿಸಬೇಕು. 20,000 ಜನರ ರೂಮ್ ಅಂದರೆ ಸದಸ್ಯತ್ವದ ದಾಖಲೆಗಳೇ ಅಷ್ಟು. ಸಾಲದ್ದಕ್ಕೆ, ಎರಡು ಸರ್ವರ್‌ಗಳ ಲೆಕ್ಕ ತಾಳೆಯಾಗದಿದ್ದಾಗ ಯಾವುದು ಸರಿ ಅಂತ ತೀರ್ಮಾನಿಸುವ ಸ್ಟೇಟ್ ರೆಸಲ್ಯೂಷನ್ ಬೇರೆ.

ಮ್ಯಾಟ್ರಿಕ್ಸ್ ಸರ್ವರ್ ನಡೆಸುವ ತಂತ್ರಾಂಶಗಳಲ್ಲೊಂದಾದ ಸಿನಾಪ್ಸ್ ಬಗ್ಗೆ ಈ ದೂರು ಹಳೆಯದು. ಅದರ ಬಹುಪಾಲು ಪೈಥಾನ್ ಭಾಷೆಯಲ್ಲಿ ಬರೆದದ್ದು. ಒಂದು ಪ್ರೊಸೆಸ್ ಹೆಚ್ಚುಕಡಿಮೆ ಒಂದೇ ಕೋರ್‌ನಲ್ಲಿ ಏಗುತ್ತದೆ, ಅದಕ್ಕೇ ಹೊರೆ ಹಂಚಲು ವರ್ಕರ್ ಅನ್ನುವ ಬೇರೆ ಪ್ರೊಸೆಸ್‌ಗಳು ಬಂದವು. ದೊಡ್ಡ ರೂಮಿಗೆ ಸೇರುವಾಗ ಸದಸ್ಯರ ಪಟ್ಟಿಯನ್ನು ಆಮೇಲೆ ನಿಧಾನವಾಗಿ ತರಿಸಿಕೊಳ್ಳುವ ಏರ್ಪಾಡೂ ಬಂತು. ಜನ ಸುಮ್ನೆ ಇದ್ದಿದ್ದರೆ ಇದಕ್ಕೆಲ್ಲ ಇನ್ನೂ ಜಾಸ್ತಿ ಕಾಲ ಹಿಡಿಯುತ್ತಿತ್ತು ಅನ್ನೋದು ನನ್ನ ಅನಿಸಿಕೆ.

ಈಗ ನಿಮ್ಮ ಯಂತ್ರದ ಕಡೆ ಬನ್ನಿ. ನೀವು ಹಾಕಿರೋದು ಸಿನಾಪ್ಸ್ ಆಗಿದ್ದರೆ, ಡೇಟಾಬೇಸ್ ಯಾವುದು? ಏನೂ ಹೇಳದೆ ಬಿಟ್ಟರೆ ಅದು ಎಸ್‌ಕ್ಯೂಲೈಟ್ ಹಿಡಿಯುತ್ತದೆ. ಅದು ಪರೀಕ್ಷೆ ಮಾಡಿ ನೋಡಲು ಮಾತ್ರ, ನಿಜವಾದ ಬಳಕೆಗೆ ಪೋಸ್ಟ್‌ಗ್ರೆಸ್ ಹಾಕಿ ಅಂತ ಅದರ ಕೈಪಿಡಿಯೇ ಹೇಳುತ್ತದೆ. ಈ ಸಾಲನ್ನು ಎಷ್ಟು ಜನ ಹಾರಿಸಿ ಓದುತ್ತಾರೋ! (ನಾನೂ ಹಾರಿಸಿದ್ದೆ.) ಯಾರು ಆನ್‌ಲೈನ್ ಇದ್ದಾರೆ ಅಂತ ತೋರಿಸುವ ಪ್ರೆಸೆನ್ಸ್ ಆಫ್ ಮಾಡಿ, ಸಿಪಿಯು ಸ್ವಲ್ಪ ಉಸಿರಾಡುತ್ತದೆ. ಮಿತಿಮೀರಿದ ರೂಮುಗಳಿಗೆ ಸೇರದಂತೆ ತಡೆಯುವ ಸೆಟ್ಟಿಂಗೂ ಇದೆ, 2 ಜಿಬಿ ಯಂತ್ರದಲ್ಲಿ ನಾನಾದರೆ ಮೊದಲು ಅದನ್ನೇ ಹಾಕುತ್ತಿದ್ದೆ. ಡಿಸ್ಕ್ ತುಂಬುತ್ತಿದ್ದರೆ ‘ಸ್ಟೇಟ್ ಗ್ರೂಪ್ಸ್ ಸ್ಟೇಟ್’ ಅನ್ನುವ ಟೇಬಲ್ ನೋಡಿ. ಸಾಮಾನ್ಯವಾಗಿ ಊದಿಕೊಳ್ಳುವುದು ಅದೇ, ಅದನ್ನು ಕುಗ್ಗಿಸುವ ಉಪಕರಣ ಬೇರೆ ಸಿಗುತ್ತದೆ.

ಇಷ್ಟಾದ ಮೇಲೂ ನಿಧಾನವಾ? ಆಗ ಬೈಯಿರಿ, ಎಲ್ಲರೆದುರಿಗೇ ಬೈಯಿರಿ. ಯಾವ ಆವೃತ್ತಿ, ಯಾವ ಡೇಟಾಬೇಸ್, ರೂಮಿನಲ್ಲಿ ಎಷ್ಟು ಜನ, ಸೇರಲು ಎಷ್ಟು ನಿಮಿಷ ಹಿಡಿಯಿತು, ಆಗ ಮೆಮೊರಿ ಎಷ್ಟಕ್ಕೆ ಏರಿತ್ತು, ಲಾಗ್‌ನಲ್ಲಿ ಕೊನೆಗೆ ಕಂಡ ಸಾಲು ಯಾವುದು, ಎಲ್ಲ ಬರೆಯಿರಿ. ಹಳೆಯ ‘ಕಸ’ವನ್ನು ಅಳಿಸಬೇಡಿ, ಅದರ ಕೆಳಗೇ ಇದನ್ನೂ ಹಾಕಿ.